ಮೋರಖಂಡಿಯ ಎದುರಿಗಿದ್ದ ಸೊನ್ನೆ

ಹೋದ ತಿಂಗಳು ಹುಮನಾಬಾದಿನಲ್ಲಿ ಬಸವಕಲ್ಯಾಣದ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತಲ್ಲ ಎಂಬ ಖುಷಿ ಐದು ನಿಮಿಷವೂ ಉಳಿಯಲಿಲ್ಲ. ಊರು ದಾಟುವಷ್ಟರಲ್ಲಿ ವಯಸ್ಸಾದ ಕುರಿಗಾರರೊಬ್ಬರು ಹತ್ತಿ, ನೆಂದ ಕಂಬಳಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತರು. ಒದ್ದೆ ಉಣ್ಣೆ, ಕುರಿಹಿಕ್ಕೆ, ಬೀಡಿ ಮೂರೂ ಕಲಸಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕಿಟಕಿಯ ಕಡೆ ತಿರುಗಿದೆ. ಮುಖ ಕಿವಿಚಿರಬೇಕು. ಅವರು ತಪ್ಪು ತಿಳಿದರು. "ವಾಸ್ನಿ ಬರಾಕತ್ತೈತೇನವ್ವಾ? ಹಿಂದ ಹೋಗಿ ಕುಂದರ್ಲೇನು?" ಎಂದರು. "ಇಲ್ರಿ ಕಾಕಾ, ಇಲ್ಲೇ ಕುಂದರ್ರಿ" ಎಂದೆ. ಕಂಬಳಿಯ ಮೇಲೆ ನನ್ನ ತಕರಾರೇನೂ ಇರಲಿಲ್ಲ. ಎರಡು ವರ್ಷದ ಹಿಂದಿನ ಮಳೆಗಾಲ ನೆನಪಾಗಿತ್ತು, ಅಷ್ಟೇ. ಅದನ್ನು ಅವರಿಗೆ ಹೇಗೆ ಹೇಳುವುದು?

ನಾನು ಹುಮನಾಬಾದಿನವಳೇ. ಕಲಬುರಗಿಯಲ್ಲಿ ಓದಿ, ಊರಿಗೇ ವಾಪಸು ಬಂದು, ಕುರಿ ಸಾಕುವವರ ನಡುವೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಸಾಫ್ಟ್‌ವೇರ್ ಬರೆಯುತ್ತೇನೆ. ಬೀಜ-ಗೊಬ್ಬರದ ಅಂಗಡಿಯೊಂದರ ಮೇಲಿನ ಎರಡು ಖೋಲಿಗಳೇ ನಮ್ಮ ಆಫೀಸು. ಹುಲಸೂರಿನಿಂದ ಮೋರಖಂಡಿಯವರೆಗೆ ಊರಿಗೊಬ್ಬ ಹೆಂಗಸಿಗೆ ನಾವು ತರಬೇತಿ ಕೊಟ್ಟಿದ್ದೆವು. ಕುರಿಗಳಿಗೆ ರೋಗ ಬರದ ಹಾಗೆ ಲಸಿಕೆ ಚುಚ್ಚುವುದು, ಯಾರ ಕುರಿಗೆ ಯಾವಾಗ ಚುಚ್ಚಿದೆ ಎಂದು ಬರೆದಿಡುವುದು ಅವರ ಕೆಲಸ. ಊರಲ್ಲಿ ಅವರನ್ನು ಸೂಜಿ ಅಕ್ಕ ಎಂದೇ ಕರೆಯುತ್ತಿದ್ದರು. ಬರೆಯುತ್ತಿದ್ದ ನೋಟ್‌ಬುಕ್ ಬಿಡಿಸಿ, ಆ ಲೆಕ್ಕವನ್ನೆಲ್ಲ ಅವರವರ ಫೋನಿಗೆ ತರುವ ಕೆಲಸ ಆ ವರ್ಷ ನನ್ನ ಪಾಲಿಗೆ ಬಂತು.

ಅದೇ ಬೇಸಿಗೆಯಲ್ಲಿ ಹೈದರಾಬಾದಿಗೆ ಹೋಗಿ ಮೂರು ದಿನದ ತರಬೇತಿ ಮುಗಿಸಿ ಬಂದಿದ್ದೆ. ಭೂಮಿಗೆ ಭಾರವಾಗದ ಹಾಗೆ ಸಾಫ್ಟ್‌ವೇರ್ ಕಟ್ಟುವುದು ಹೇಗೆ ಎಂಬುದು ವಿಷಯ. ಸಾಫ್ಟ್‌ವೇರಿಗೆ ಹೊಗೆ ಇಲ್ಲ, ಸದ್ದಿಲ್ಲ, ಹಾಗಾಗಿ ಅದು ಏನನ್ನೂ ತಿನ್ನುವುದಿಲ್ಲ ಅಂದುಕೊಳ್ಳುತ್ತೇವೆ. ಆದರೆ ಅದು ಕರೆಂಟು ತಿನ್ನುತ್ತದೆ, ಬ್ಯಾಟರಿ ತಿನ್ನುತ್ತದೆ, ಭಾರವಾದ ಒಂದು ಆ್ಯಪ್ ಹಾಕಿದರೆ ಚೆನ್ನಾಗಿದ್ದ ಫೋನು ಗುಜರಿ ಸೇರುತ್ತದೆ. ಇದೆಲ್ಲ ಕೇಳಿ ನನಗೆ ಹೊಸ ಕಣ್ಣು ಬಂದಂತಾಗಿತ್ತು. ಈಗಲೂ ಅದು ಖರೆ ಎಂದೇ ನಂಬುತ್ತೇನೆ, ಅದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಇದ್ದದ್ದು ಅದನ್ನು ಹೊತ್ತುಕೊಂಡು ಬಂದವಳಲ್ಲಿ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ನನ್ನದು ಅದೇ ಕಥೆ. ಆಫೀಸಿನಲ್ಲಿ ಯಾರಾದರೂ ಫ್ಯಾನ್ ಹಚ್ಚಿ ಹೋದರೆ ಹಿಂದಿನಿಂದ ಹೋಗಿ ಬಂದ್ ಮಾಡಿ, ಅವರಿಗೆ ಹತ್ತು ನಿಮಿಷ ಉಪದೇಶ ಬೇರೆ ಕೊಡುತ್ತಿದ್ದೆ.

ಆ್ಯಪ್ ಬರೆಯುವ ಮುಂಚೆ ಊರೂರು ತಿರುಗಿದೆ. ಮೋರಖಂಡಿಗೆ ಹೋದದ್ದು ಕೆಂಡದಂಥ ಬಿಸಿಲಿನ ದಿನ. ಅಲ್ಲಿನ ಸೂಜಿ ಅಕ್ಕ ಕಾಶಿಬಾಯಿ. ನಲವತ್ತರ ಆಸುಪಾಸು, ಎತ್ತರದ ಆಳು, ಮಾತು ಕಡಿಮೆ, ಆಡಿದರೆ ನೇರ. ಗಂಡ ಮತ್ತು ಮೈದುನ ಕುರಿ ಮೇಯಿಸುತ್ತಿದ್ದರು. ಮಜ್ಜಿಗೆ ಕೊಟ್ಟು ಕೂರಿಸಿದರು. ಅವರ ಫೋನು ನೋಡಬೇಕೆಂದೆ. ಗೂಡಿನಲ್ಲಿ ಚಾರ್ಜಿಗೆ ಇಟ್ಟದ್ದನ್ನು ತಂದುಕೊಟ್ಟರು. ಪೂರಾ ಬಂದ್ ಆಗಿತ್ತು.

"ಕೆಟ್ಟೈತೇನ್ರಿ?"

"ಯಾಕ ಕೆಡ್ತದ? ಏಳು ವರ್ಷ ಆತು, ಹೊಸಾದ್ರಂಗ ಐತಿ. ನಾ ಬಂದ್ ಮಾಡೇ ಚಾರ್ಜಿಗಿ ಇಡ್ತೀನ್ರಿ. ಮೇವು ತಿನ್ನೋ ಎತ್ತಿಗಿ ಯಾರರ ನೊಗ ಹೂಡ್ತಾರೇನು? ತಿನ್ನೂಮಟ ಬಿಡಬೇಕು, ಆಮ್ಯಾಗ ದುಡಿಸ್ಕೋಬೇಕು."

ವಾಹ್ ಅನ್ನಿಸಿತು. ಹೈದರಾಬಾದಿನಲ್ಲಿ ಮೂರು ದಿನ ಹೇಳಿದ್ದನ್ನು ಈ ಹೆಂಗಸು ಒಂದು ಮಾತಿನಲ್ಲಿ ಮುಗಿಸಿದಳಲ್ಲ ಎಂದು ಅಲ್ಲೇ ಪುಸ್ತಕದಲ್ಲಿ ಬರೆದುಕೊಂಡೆ. ಅವರ ಫೋಟೋ ತೆಗೆದೆ. ವಾರದೊಳಗೆ ನಮ್ಮ ಮುಖ್ಯಸ್ಥರಾದ ಬಿರಾದಾರ ಸರ್ ಮತ್ತು ಉಳಿದವರ ಮುಂದೆ ನನ್ನ ಯೋಜನೆ ವಿವರಿಸುವಾಗ ಮೊದಲ ಪರದೆಯ ಮೇಲೆ ಕಾಶಿಬಾಯಿಯ ಮುಖ, ಅದರ ಕೆಳಗೆ ಎತ್ತಿನ ಮಾತು. ಎಲ್ಲರೂ ಚಪ್ಪಾಳೆ ತಟ್ಟಿದರು. "ನೋಡ್ರಿ, ನಮ್ ಮಂದಿ ಎಷ್ಟ್ ಶ್ಯಾಣ್ಯಾ ಅದಾರ!" ಎಂದು ಸರ್ ಹಿಗ್ಗಿದರು.

ಆಮೇಲೆ ಕೂತು ಆ್ಯಪ್ ಕಟ್ಟಿದೆ. ಎಷ್ಟು ಹಳೆಯ ಫೋನಿನಲ್ಲಾದರೂ ಓಡುತ್ತಿತ್ತು. ಚಿತ್ರವಿಲ್ಲ, ಬಣ್ಣದ ಆಡಂಬರವಿಲ್ಲ. ಒಂದು ಕಡೆ ಮಾತ್ರ ನನ್ನ ಜಾಣತನ ಮೆರೆಯಿತು. ಫೋನಿನಿಂದ ಆಫೀಸಿಗೆ ಲೆಕ್ಕ ಕಳಿಸುವಾಗಲೇ ಬ್ಯಾಟರಿ ಹೆಚ್ಚು ಖರ್ಚು. ಹಾಗಾಗಿ ದಿನವಿಡೀ ಕಳಿಸುವುದು ಬೇಡ, ಫೋನು ಚಾರ್ಜಿಗೆ ಹಾಕಿದಾಗ ಒಮ್ಮೆಲೇ ಎಲ್ಲ ಹೋಗಲಿ ಎಂದು ನಿಯಮ ಬರೆದೆ. 'ಕಳಿಸು' ಎಂಬ ಗುಂಡಿಯನ್ನೂ ತೆಗೆದುಹಾಕಿದೆ. ಗುಂಡಿ ಕಂಡರೆ ಜನ ಸುಮ್ಮನಿರುವುದಿಲ್ಲ, ಒತ್ತುತ್ತಲೇ ಇರುತ್ತಾರೆ, ಸುಮ್ಮನೆ ಕರೆಂಟು ದಂಡ. ಒಂದೊಂದು ಲಸಿಕೆ ಬರೆದಾಗಲೂ ಪರದೆಯ ಮೇಲೆ ಹಸಿರು ಗುರುತು ಮೂಡುತ್ತಿತ್ತು. ಅದರ ಅರ್ಥ 'ಫೋನಿನಲ್ಲಿ ಉಳಿಯಿತು' ಎಂದಷ್ಟೇ. ಆಫೀಸಿಗೆ ಮುಟ್ಟಿತು ಎಂದಲ್ಲ. ಅಷ್ಟು ಬಿಡಿಸಿ ಯಾರಿಗೆ ಹೇಳಿದೆ? ಯಾರಿಗೂ ಇಲ್ಲ.

ಈಗ ನೀವು ಕೇಳಬಹುದು, ಬಂದ್ ಮಾಡಿದ ಫೋನು ಏನು ಕಳಿಸುತ್ತದೆ ಎಂದು. ಮೂರನೇ ಕ್ಲಾಸಿನ ಹುಡುಗಿ ಕೂಡ ಕೇಳುತ್ತಿದ್ದಳು. ಕಾಶಿಬಾಯಿಯ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಚಪ್ಪಾಳೆ ಗಿಟ್ಟಿಸಿದ ನಾನು ಮಾತ್ರ ಕೇಳಿಕೊಳ್ಳಲಿಲ್ಲ. ಆ ಮಾತು ನನಗೆ ಚಂದ ಕಂಡಿತ್ತು. ಅದೊಂದು ಸುದ್ದಿ ಎಂದು ಹೊಳೆಯಲೇ ಇಲ್ಲ.

ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮಳೆ ಆ ವರ್ಷ ಸರಿಯಾದ ಹೊತ್ತಿಗೆ ಬಂತು. ಮೊದಲ ಮಳೆಗೆ ಎಳೆ ಹುಲ್ಲು ಚಿಗುರುತ್ತದೆ. ಅದನ್ನು ಆಸೆಬುರುಕತನದಿಂದ ಮೇಯ್ದ ಕುರಿಗೆ ಕರುಳುಬೇನೆ ಬರುತ್ತದೆ, ಬೆಳಿಗ್ಗೆ ನಿಂತದ್ದು ಮಧ್ಯಾಹ್ನಕ್ಕೆ ಕಾಲು ಬಡಿದು ಸಾಯುತ್ತದೆ. ಆ ಹುಲ್ಲು ಎಲ್ಲ ಕಡೆ ಹರಡುವ ಮುಂಚೆಯೇ ಸೂಜಿ ಆಗಬೇಕು. ಕಾಶಿಬಾಯಿ ಐಸ್ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಕೆಸರಿನಲ್ಲಿ ಒಂದೊಂದು ಕುರಿದಡ್ಡಿಗೂ ನಡೆದರು. ಒಮ್ಮೆ ನಾನೂ ಅವರ ಜೊತೆ ಹೋಗಿದ್ದೆ. ಜಿಟಿಜಿಟಿ ಮಳೆ, ಕಂಬಳಿಗಳ ವಾಸನೆ, ಕುರಿಗಳ ಕೂಗು. ಒಬ್ಬರು ಕುರಿಯನ್ನು ತೊಡೆಗಳ ನಡುವೆ ಹಿಡಿದುಕೊಳ್ಳುವುದು, ಇವರು ಚುಚ್ಚುವುದು, ಚುಚ್ಚಿದ ಕುರಿಯ ನೆತ್ತಿಗೆ ಕೆಮ್ಮಣ್ಣು ಬಳಿಯುವುದು. ಮುಗಿದ ಮೇಲೆ ಕೈ ಒರೆಸಿಕೊಂಡು ಫೋನಿನಲ್ಲಿ ಒತ್ತುವುದು. ಹಸಿರು ಗುರುತು ಬಂದಾಗ ನನ್ನ ಕಡೆ ತಿರುಗಿ ಹಲ್ಲು ಬಿಟ್ಟರು. "ಬಂತ್ ನೋಡ್ರಿ ಮೇಡಂ! ನಾ ಇಲ್ಲಿ ಒತ್ತಿದ್ದು ಅಲ್ಲಿ ಹುಮನಾಬಾದ್‌ದಾಗ ಕಾಣ್ತದಲ್ಲಾ?" ನಾನು ಹ್ಞೂಂ ಎಂದೆ.

ಬಿತ್ತನೆ ಮುಗಿದು ಸೋಯಾ, ಹೆಸರು ಮೇಲೆದ್ದವು. ಊರ ಸುತ್ತ ಎಲ್ಲ ಬೆಳೆ, ಮೇಯಿಸಲು ಜಾಗವಿಲ್ಲ. ಪ್ರತಿ ವರ್ಷದಂತೆ ಕುರಿಗಾರರು ಮಂದೆ ಹೊಡೆದುಕೊಂಡು ಮಹಾರಾಷ್ಟ್ರದ ಕಡೆ ಹೊರಟುಹೋದರು. ಅದಾದ ಮೇಲೆ ನಮ್ಮ ತಿಂಗಳ ಸಭೆ ಬಂತು.

ಸಭೆ ಎಂದರೆ ಎಲ್ಲ ಊರಿನ ಸೂಜಿ ಅಕ್ಕಂದಿರು ಹುಮನಾಬಾದಿಗೆ ಬಂದು ಒಂದೇ ಖೋಲಿಯಲ್ಲಿ ಚಾಪೆಯ ಮೇಲೆ ಕೂರುವುದು. ಗೋಡೆಯ ಮೇಲೆ ಊರುವಾರು ಲೆಕ್ಕ ತೋರಿಸಿದೆ. ಕೆಲವರದ್ದು ಪೂರ್ತಿ, ಕೆಲವರದ್ದು ಅರ್ಧಂಬರ್ಧ. ಮೋರಖಂಡಿಯ ಎದುರಿಗೆ ಸೊನ್ನೆ. ಲಸಿಕೆಯ ಹನ್ನೆರಡು ಬಾಟಲಿ ಒಯ್ದಿದ್ದಾರೆ, ಒಂದು ಕುರಿಗೂ ಚುಚ್ಚಿಲ್ಲ.

ಬಿರಾದಾರ ಸರ್ ಕೆಟ್ಟವರಲ್ಲ. ಮೆತ್ತಗೇ ಕೇಳಿದರು. "ಕಾಶಿಬಾಯಿ, ಏನಿದು? ಬಾಟ್ಲಿ ಎಲ್ಲಿ ಹೋದ್ವು?"

"ಎಲ್ಲಿ ಹೋಗ್ತಾವ್ರಿ? ಕುರಿ ಮೈಯಾಗ ಹೋದ್ವು. ನೋಡ್ರಿಲ್ಲಿ, ಎಲ್ಲಾ ಐತಿ ಇದರಾಗ" ಎಂದು ಕಾಶಿಬಾಯಿ ಫೋನು ಚಾಚಿದರು.

ಸರ್ ನನ್ನ ಕಡೆ ತಿರುಗಿದರು. "ಸುನೀತಾ, ಮಷಿನ್‌ದ ಏನರ ತಪ್ಪ್ ಆಗಿರಬಹುದೇನಮ್ಮ?"

ನೆನಪು ಇಲ್ಲಿಗೆ ಬಂದಾಗಲೆಲ್ಲ ಹಿಂದಕ್ಕೆ ಹೋಗಿ ನನ್ನ ಬಾಯಿಯನ್ನು ಮುಚ್ಚಬೇಕೆನ್ನಿಸುತ್ತದೆ. ಮುಂದಿನ ತಿಂಗಳು ಹೊರಗಿನಿಂದ ಅತಿಥಿಗಳು ನನ್ನ ಆ್ಯಪ್ ನೋಡಲು ಬರುವವರಿದ್ದರು. ಅದರಲ್ಲಿ ತಪ್ಪು ಎಂಬ ಶಬ್ದ ಕೇಳಿಯೇ ನನಗೆ ಮೈ ಉರಿಯಿತು. "ಇಲ್ಲ ಸರ್. ಫೋನಿನಲ್ಲಿದ್ದದ್ದು ಇಲ್ಲಿಗೆ ಬಂದೇ ಬರುತ್ತೆ" ಎಂದೆ.

"ಮತ್ತ ಇದರಾಗ ಐತಲ್ರಿ ಮೇಡಂ, ನೀವರ ನೋಡ್ರಿ" ಎಂದು ಕಾಶಿಬಾಯಿ ಎದ್ದು ಬಂದು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು. ನಾನು ಅದನ್ನು ಕೈಯಲ್ಲಿ ಕೂಡ ತೆಗೆದುಕೊಳ್ಳಲಿಲ್ಲ. "ಅದನ್ನ ಬೆಳಿಗ್ಗೆ ಮನೆಯಲ್ಲಿ ಕೂತು ಒಂದೇ ಸಲಕ್ಕೆ ತುಂಬಿಸಬಹುದು ಸರ್" ಎಂದೆ.

ಜೊತೆಗೆ ಹೋಗಿ ಕಣ್ಣಾರೆ ಕಂಡವಳು ನಾನು. ಒಂದು ದಿನವಾದರೂ ಸರಿ, ಕಂಡಿದ್ದೆ. 'ಆ ದಿನದ್ದೂ ಯಾಕೆ ಬಂದಿಲ್ಲ?' ಎಂದು ನನ್ನನ್ನು ನಾನೇ ಕೇಳಿಕೊಂಡಿದ್ದರೆ ಸಾಕಿತ್ತು. ಕೇಳಿಕೊಳ್ಳಲಿಲ್ಲ, ಏಕೆಂದರೆ ಕೇಳಿಕೊಂಡರೆ ಉತ್ತರ ಸಿಗುತ್ತಿತ್ತು. ಕುರಿಗಾರರನ್ನು ಕೇಳೋಣವೆಂದರೆ ಒಬ್ಬರೂ ಊರಲ್ಲಿಲ್ಲ. ಹಿಂದಿನ ಸಾಲಿನಿಂದ ಯಾರೋ, "ಖಾಸಗಿ ಡಾಕ್ಟರ್‌ಗ ಮಾರ್‍ಯಾಳೇನೋ" ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ಕಾಶಿಬಾಯಿ ಅಳಲಿಲ್ಲ, ಜಗಳವಾಡಲಿಲ್ಲ. ಐಸ್ ಡಬ್ಬಿ, ಸೂಜಿಯ ಚೀಲ ಎರಡನ್ನೂ ಸರ್ ಅವರ ಮೇಜಿನ ಮೇಲೆ ತಂದಿಟ್ಟರು. "ಚುಚ್ಚಿದ್ದು ಕುರಿಗಿ ಗೊತ್ತೈತ್ರಿ. ಕುರಿ ಬಂದು ಸಾಕ್ಷಿ ಹೇಳಂಗಿಲ್ಲ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದರು. ಹೊರಗೆ ಮಳೆ ಬರುತ್ತಿತ್ತು.

ಶ್ರಾವಣ ಬಂತು. ಒಂದು ಸಂಜೆ ಆಫೀಸಿನಿಂದ ಹೊರಡುವಾಗ ಜೋರು ಮಳೆ ಹಿಡಿಯಿತು. ತಡವಾಗುತ್ತದೆ ಎಂದು ಹೇಳೋಣವೆಂದು ಮನೆಗೆ ಫೋನು ಮಾಡಿದೆ. ಅವ್ವನ ಫೋನು ಸ್ವಿಚ್ ಆಫ್. ಮತ್ತೆ ಮಾಡಿದೆ, ಸ್ವಿಚ್ ಆಫ್. ನೆನೆದುಕೊಂಡೇ ಓಡಿದರೆ, ಅವ್ವ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು.

"ಫೋನ್ ಯಾಕ ಬಂದ್ ಮಾಡೀದಿ?" ಎಂದು ರೇಗಿದೆ.

"ಚಾರ್ಜಿಗಿ ಇಟ್ಟೀನವ್ವಾ. ಚಾಲೂ ಇಟ್ರ ಬ್ಯಾಟ್ರಿ ಉಬ್ಬತದಲ್ಲ?"

ಹಸಿ ಬಟ್ಟೆಯಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತೆ. ಅವ್ವ ಟವೆಲ್ ತಂದು ತಲೆ ಒರೆಸಿದಳು, ಏನಾತು ಏನಾತು ಎಂದು ಕೇಳಿದಳು. ನನಗೆ ಕಾಣುತ್ತಿದ್ದದ್ದು ಮೋರಖಂಡಿಯ ಆ ಗೂಡಿನಲ್ಲಿ ಬಂದ್ ಆಗಿ ಚಾರ್ಜಿಗೆ ಕೂತಿದ್ದ ಫೋನು.

ಆ ನಿಯಮವನ್ನು ಆಫೀಸಿನಿಂದಲೇ ಬದಲಿಸಬಹುದಿತ್ತು. ನೆಟ್ ಸಿಕ್ಕ ಕೂಡಲೇ ಪ್ರತಿ ಫೋನೂ ಹೊಸ ನಿಯಮ ಓದಿಕೊಳ್ಳುವಂತೆ ಕಟ್ಟಿದ್ದೆ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಒಂದೇ ಒಂದು ಸಾಲು ತಿದ್ದಿದೆ. ಚಾರ್ಜಿಗೆ ಹಾಕಲಿ ಬಿಡಲಿ, ನೆಟ್ ಇದ್ದರೆ ಕಳಿಸು. ಹನ್ನೊಂದರ ಹೊತ್ತಿಗೆ ಮೋರಖಂಡಿ ಬರತೊಡಗಿತು. ಒಬ್ಬೊಬ್ಬ ಕುರಿಗಾರನ ಹೆಸರು, ಕುರಿಗಳ ಸಂಖ್ಯೆ, ದಿನ, ಗಂಟೆ, ನಿಮಿಷ. ಬೆಳಗಿನ ಆರಕ್ಕೊಂದು, ಆರೂವರೆಗೊಂದು, ಸಂಜೆ ಮಂದೆ ತಿರುಗಿ ಬಂದ ಮೇಲಿನದು. ದಿನದ ಮೇಲೆ ದಿನ, ಎರಡು ವಾರದ ದುಡಿಮೆ. ಒಂದೇ ಸಲಕ್ಕೆ ಕೂತು ತುಂಬಿಸಿದ್ದು ಎಂದು ಕುರುಡರೂ ಹೇಳುವಂತಿರಲಿಲ್ಲ. ನಾನು ಹೋಗಿದ್ದ ದಿನದ್ದೂ ಅದರಲ್ಲಿತ್ತು.

ಅವತ್ತೇ ಎದ್ದು ಸರ್ ಅವರ ಖೋಲಿಗೆ ಹೋಗಬೇಕಿತ್ತು. ಹೋಗಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಅತಿಥಿಗಳು ಬಂದುಹೋಗಲಿ ಎಂದುಕೊಂಡೆ. ತಿದ್ದುಪಡಿಯ ಟಿಪ್ಪಣಿಯಲ್ಲಿ 'ಸಣ್ಣಪುಟ್ಟ ಸುಧಾರಣೆ' ಎಂದು ಬರೆದೆ. ಮೋರಖಂಡಿಯ ಅಂಕಿ ಏರಿತಲ್ಲ ಎಂದು ಸರ್ ಕೇಳಿದಾಗ, "ಹಳೇ ಲೆಕ್ಕ ಸೇರಿಸಿದ್ದೀವಿ ಸರ್" ಎಂದೆ. ಅಷ್ಟು ಹೊತ್ತಿಗೆ ಆ ಊರಿಗೆ ಬೇರೆಯವರನ್ನು ನೇಮಿಸಿಯಾಗಿತ್ತು. ಸರ್ ಮತ್ತೆ ಕೇಳಲಿಲ್ಲ. ಅತಿಥಿಗಳು ಬಂದ ದಿನ ಅವರೇ, "ಆ ಎತ್ತಿನ ಮಾತು ತೋರ್ಸಮ್ಮ, ಭಾಳ ಪಸಂದ ಐತಿ" ಎಂದರು. ತೋರಿಸಿದೆ! ಕಾಶಿಬಾಯಿಯ ಮುಖ ಗೋಡೆಯ ತುಂಬ ಬೆಳಗಿತು, ಮತ್ತೆ ಚಪ್ಪಾಳೆ ಬಿತ್ತು, ನಾನು ಕೈಮುಗಿದು ನಕ್ಕೆ. ಥೂ, ಏನು ಜನ್ಮ ನನ್ನದು!

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯಂತೆ, ಅಂದಿನಿಂದ ಯಾರು ಮೋರಖಂಡಿ ಎಂದರೂ ನನ್ನ ಮುಖ ಬಿಸಿಯಾಗುತ್ತದೆ. ಎರಡು ವರ್ಷ ಬಸವಕಲ್ಯಾಣಕ್ಕೆ ಎಷ್ಟೋ ಸಲ ಹೋಗಿ ಬಂದೆ, ಅಷ್ಟು ಹತ್ತಿರದ ಆ ಊರಿಗೆ ಕಾಲಿಡಲಿಲ್ಲ.

ಅವತ್ತು ಬಸ್ಸಿನಲ್ಲಿ ಆ ಕಂಬಳಿಯ ಪಕ್ಕದಲ್ಲಿ ಕೂತು ಬಂದವಳು ಬಸವಕಲ್ಯಾಣದಲ್ಲಿ ಇಳಿದು ಆಫೀಸಿನ ಕೆಲಸಕ್ಕೆ ಹೋಗಲಿಲ್ಲ. ಆಟೋ ಹಿಡಿದು ಮೋರಖಂಡಿಗೆ ಹೋದೆ. ಧೈರ್ಯ ಬಂದಿತ್ತು ಎಂದರೆ ಸುಳ್ಳು. ಅದನ್ನು ಇನ್ನೂ ಹೊತ್ತುಕೊಂಡು ತಿರುಗಲು ಆಗಲಿಲ್ಲ, ಅಷ್ಟೇ. ಕಾಶಿಬಾಯಿ ಹೊಲದಲ್ಲಿದ್ದಾರೆ ಎಂದರು. ಸೋಯಾದಲ್ಲಿ ಐದಾರು ಹೆಂಗಸರು ಸಾಲಾಗಿ ಕೂತು ಕಳೆ ತೆಗೆಯುತ್ತಿದ್ದರು. ನನ್ನನ್ನು ಕಂಡು ಕಾಶಿಬಾಯಿ ಕುರ್ಪಿ ಹಿಡಿದುಕೊಂಡೇ ಎದ್ದು ನಿಂತರು.

"ಬರ್ರಿ ಮೇಡಂ. ಎಷ್ಟ್ ದಿನಾ ಆತು ನೋಡಿ! ಆರಾಮ ಅದೀರಿ?"

ಆ ಮಾತಿನಲ್ಲಿ ಕಹಿ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಬದುವಿನ ಮೇಲೆ ನಿಂತುಕೊಂಡೇ ಎಲ್ಲ ಹೇಳಿದೆ. ಫೋನು ಬಂದ್ ಮಾಡಿ ಚಾರ್ಜಿಗೆ ಇಟ್ಟದ್ದಕ್ಕೆ ಲೆಕ್ಕ ಬರಲಿಲ್ಲ, ತಪ್ಪು ನಾನು ಬರೆದ ನಿಯಮದ್ದು, ನೀವು ಚುಚ್ಚಿದ್ದು ಒಂದೂ ಬಿಡದೆ ಆಮೇಲೆ ಬಂದು ಮುಟ್ಟಿತು, ನಿಮ್ಮನ್ನು ಸುಳ್ಳಿ ಎಂದವಳು ನಾನು. ಕಳೆ ತೆಗೆಯುವ ಕೈಗಳೆಲ್ಲ ನಿಂತಿದ್ದವು. ಸಾಲಿನಲ್ಲಿದ್ದ ಒಬ್ಬ ಮುದುಕಿ ಜೋರಾಗಿ ಕೇಳಿದಳು. "ಹಂಗಾದ್ರ ಕಾಶಿ ಔಷಧಿ ಮಾರಿಲ್ಲಂದಂಗಾತು?"

"ಮಾರಿಲ್ಲ ಆಯಿ" ಎಂದೆ.

ಕಾಶಿಬಾಯಿ ಮುದುಕಿಯ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದರು. "ಇದು ನಿಮಗ ಯಾವಾಗ ಗೊತ್ತಾತ್ರಿ?"

ಸುಳ್ಳು ಹೇಳಬಹುದಿತ್ತು. ಮೊನ್ನೆ ಎನ್ನಬಹುದಿತ್ತು. "ಆ ವರ್ಷಾನೇ. ಶ್ರಾವಣದಾಗ" ಎಂದೆ.

ಅವರು ಕುರ್ಪಿಗೆ ಅಂಟಿದ ಮಣ್ಣನ್ನು ಹೆಬ್ಬೆರಳಿನಿಂದ ಕೆರೆದು ತೆಗೆದರು. "ಮಷಿನ್ ತಪ್ಪೈತಿ ಅಂತ ನಾ ಅವತ್ತೇ ತಿಳ್ಕೊಂಡಿದ್ದೆ. ಪಾಪ, ಆ ಮೇಡಂಗೂ ಗೊತ್ತಿಲ್ಲ, ಆಕಿ ಏನ್ ಮಾಡ್ತಾಳ ಅಂದಿದ್ದೆ. ಇಷ್ಟ್ ದಿನಾ ನಿಮ್ಮ ಮ್ಯಾಲ ನನಗ ಸಿಟ್ಟಿರ್ಲಿಲ್ಲ ನೋಡ್ರಿ. ಇವತ್ ಬಂತು."

ನಾನು ಕೈಮುಗಿದೆ. ಅವರು ಬೇಡ ಎಂಬಂತೆ ಕೈ ಬೀಸಿದರು. "ಹೊಲದಾಗ ಹೇಳಿದ್ರ ಏನ್ ಬಂತ್ರಿ? ಅಲ್ಲಿ ಹೇಳ್ರಿ. ಆ ಖೋಲಿಯೊಳಗ, ಎಲ್ಲಾರ ಮುಂದ."

"ನೀವೂ ಬರ್ರಿ. ನಿಮ್ಮೆದುರಿಗೇ ಹೇಳ್ತೀನಿ."

"ನಾ ಯಾಕ ಬರ್ಲಿ? ತಪ್ಪ್ ಮಾಡಿದಾಕಿ ನಾ ಅಲ್ಲ" ಎಂದು ಹೇಳಿ ಸಾಲಿನಲ್ಲಿ ತನ್ನ ಜಾಗಕ್ಕೆ ಹೋಗಿ ಕೂತರು. ಕುರ್ಪಿಗಳ ಸದ್ದು ಮತ್ತೆ ಶುರುವಾಯಿತು.

ತಿಂಗಳ ಸಭೆ ಮೊನ್ನೆ ಆಯಿತು. ಬಿರಾದಾರ ಸರ್ ಹೋದ ವರ್ಷವೇ ಕೆಲಸ ಬಿಟ್ಟು ಹೋಗಿದ್ದಾರೆ. ಈಗ ಹೊಸ ಮುಖ್ಯಸ್ಥರು. ಲೆಕ್ಕ ತೋರಿಸುವ ಮುಂಚೆ ಎದ್ದು ನಿಂತು, ಒಂದು ಮಾತು ಹೇಳಬೇಕು ಎಂದೆ. ಮೋರಖಂಡಿಯ ಕಾಶಿಬಾಯಿ ಔಷಧಿ ಮಾರಿಕೊಂಡಿರಲಿಲ್ಲ, ಅಷ್ಟೂ ಕುರಿಗೆ ಚುಚ್ಚಿದ್ದರು, ನನ್ನ ತಪ್ಪಿನಿಂದ ಅವರ ಹೆಸರು ಕೆಟ್ಟಿತು, ಗೊತ್ತಾದ ಮೇಲೂ ನಾನು ಮುಚ್ಚಿಟ್ಟೆ. ಒಂದಕ್ಷರ ಬಿಡದೆ ಹೇಳಿದೆ. ಹೊಸ ಮುಖ್ಯಸ್ಥರು ಗಡಿಯಾರ ನೋಡಿ, "ಈಗ ಸರಿ ಆಗೈತಲ್ಲಮ್ಮ, ಆತು ಬಿಡ್ರಿ" ಎಂದರು. ನಾನು ಚಾಪೆಯ ಮೇಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದೆ. ಅವತ್ತಿನ ಸೂಜಿ ಅಕ್ಕಂದಿರಲ್ಲಿ ಈ ಎರಡು ವರ್ಷದಲ್ಲಿ ಒಬ್ಬರ ಮದುವೆಯಾಗಿದೆ, ಇನ್ನೊಬ್ಬರು ಅಂಗನವಾಡಿ ಸೇರಿದ್ದಾರೆ, ಉಳಿದವರು ಒಂದೊಂದು ಕಾರಣಕ್ಕೆ ಬಿಟ್ಟಿದ್ದಾರೆ. ಈಗ ಕೂತವರೆಲ್ಲ ಹೊಸಬರು. ಮುಂದಿನ ಸಾಲಿನ ಒಬ್ಬಳು ಪಕ್ಕದವಳನ್ನು ಕೇಳಿ, ಅವಳಿಗೂ ಗೊತ್ತಿಲ್ಲದೆ, ಕೊನೆಗೆ ನನ್ನನ್ನೇ ಕೇಳಿದಳು.

"ಕಾಶಿಬಾಯಿ ಅಂದ್ರ ಯಾರ್ರೀ ಮೇಡಂ?"